ಎಡ ತುದಿಗೆ ನಿಂತ ಬೆಂಕಿಯವನು

ಇಂಥ ಸಂಗತಿಗಳನ್ನು ಬೇರೆಯವರು ಹೇಳುವಾಗ ಮೂಗು ಮುರಿದವಳು ನಾನು. ಆಫೀಸಿನಲ್ಲಿ ಮಧ್ಯಾಹ್ನ ಡಬ್ಬಿ ಬಿಚ್ಚಿ ಕೂತಾಗ ಯಾರಾದರೂ ದೆವ್ವದ ಸುದ್ದಿ ತೆಗೆದರೆ, ಕಾಗಕ್ಕ ಗುಬ್ಬಕ್ಕನ ಕತೆ ಸಾಕು ಎಂದು ಬಾಯಿ ಮುಚ್ಚಿಸುತ್ತಿದ್ದೆ. ಹೇಳಿದವರ ಮುಖ ಸಪ್ಪಗಾಗುತ್ತಿತ್ತು. ಅವರೆಲ್ಲರ ಕ್ಷಮೆ ಕೇಳಿಕೊಂಡೇ ಇದನ್ನು ಬರೆಯುತ್ತಿದ್ದೇನೆ. ನಂಬಿ ಎಂದು ಯಾರನ್ನೂ ಒತ್ತಾಯಿಸುವುದಿಲ್ಲ. ನಡೆದದ್ದನ್ನು ನಡೆದಂತೆ ಹೇಳುತ್ತೇನೆ. ನನಗೇ ಅರ್ಥವಾಗದ ಕಡೆ ಅರ್ಥವಾಗಿಲ್ಲ ಎಂದೇ ಹೇಳುತ್ತೇನೆ.

ಮೂವತ್ತು ವರ್ಷಕ್ಕೂ ಮೇಲೆ ನಾನು ವಿಜಯಪುರದ ಒಂದು ಸರಕಾರಿ ಕಚೇರಿಯಲ್ಲಿ ಟ್ರೇಸರ್ ಆಗಿದ್ದೆ. ಎಂಜಿನಿಯರರು ಪೆನ್ಸಿಲಿನಲ್ಲಿ ಎಳೆದ ನಕ್ಷೆಯ ಮೇಲೆ ಪಾರದರ್ಶಕ ಹಾಳೆ ಹಾಸಿ, ಒಂದೊಂದು ಗೆರೆಯನ್ನೂ ಮಸಿಯಲ್ಲಿ ತಿದ್ದುವುದು ಟ್ರೇಸರ್ ಕೆಲಸ. ಗೆರೆ ತಪ್ಪಿದರೆ ಬ್ಲೇಡಿನಿಂದ ನಯವಾಗಿ ಕೆರೆಯಬೇಕು. ಮುಗಿದ ಮೇಲೆ ಹಾಳೆಯನ್ನು ಮಗುಚಿ ಹಿಂದಿನಿಂದಲೂ ಒಮ್ಮೆ ನೋಡಬೇಕು, ಮುಂದೆ ಕಾಣದ ತಪ್ಪು ಹಿಂದಿನಿಂದ ಕಾಣುತ್ತದೆ. ಕಂಪ್ಯೂಟರ್ ಬಂದ ಮೇಲೆ ನಮ್ಮನ್ನು ಕೇಳುವವರಿಲ್ಲದಾಯಿತು. ನಿವೃತ್ತಿಗೆ ಮುಂಚಿನ ಕೆಲವು ವರ್ಷ ನನಗೆ ಹಳೆಯ ನಕ್ಷೆಗಳ ಕೋಣೆಯಲ್ಲಿ ಧೂಳು ಹೊಡೆಯುವ ಕೆಲಸ ಕೊಟ್ಟಿದ್ದರು. ಅಲ್ಲಿಯೇ ಒಂದು ದಿನ ಉಗಿ ಇಂಜಿನ್ನಿನ ಚಿತ್ರವಿದ್ದ ಹಾಳೆಯೊಂದು ಸಿಕ್ಕಿತು. ನಾಲ್ಕು ಗಾಲಿ, ಉದ್ದ ಹೊಗೆ ಕೊಳವೆ, ಎತ್ತುಗಳು ಎಳೆದುಕೊಂಡು ಹೋಗಬಹುದಾದ ಇಂಜಿನ್. ಡೀಸೆಲ್ ಪಂಪು, ಕರೆಂಟು ಬರುವುದಕ್ಕೆ ಮುಂಚೆ ಕಬ್ಬಿನ ಗಾಣ ತಿರುಗಿಸಲು, ಬಾವಿಯ ನೀರೆತ್ತಲು ಅಲ್ಲೊಬ್ಬರು ಇಲ್ಲೊಬ್ಬರು ದೊಡ್ಡ ಹೊಲದವರು ಇಂಥವನ್ನು ಇಟ್ಟಿದ್ದರಂತೆ. ಆ ಗೆರೆಗಳ ಚೆಲುವಿಗೆ ನಾನು ಮಾರುಹೋದೆ.

ಅಲ್ಲಿಂದ ಅಂಥ ಇಂಜಿನ್ನುಗಳ ಹಳೆಯ ಫೋಟೋ ಕೂಡಿಸುವ ಹುಚ್ಚು ಹತ್ತಿತು. ಸತ್ತ ಇಂಜಿನ್ನುಗಳಿಗೆ ತಿಥಿ ಮಾಡುವವಳು ಎಂದು ನಮ್ಮ ಯಜಮಾನರು ಬಂದವರೆದುರು ಚೇಷ್ಟೆ ಮಾಡುತ್ತಾರೆ. ಅವರು ಹೈಸ್ಕೂಲಿನಲ್ಲಿ ಗಣಿತ ಕಲಿಸಿದವರು, ಎಲ್ಲಕ್ಕೂ ಕಾರಣ ಬೇಕು. ನನಗೂ ಬೇಕು. ಆದ್ದರಿಂದಲೇ ನನ್ನ ಪದ್ಧತಿ ಕಟ್ಟುನಿಟ್ಟಾಗಿತ್ತು. ಗಾಲಿಗೆ ಎಷ್ಟು ಅರಗಳು, ಹೊಗೆ ಕೊಳವೆ ಮಡಚುವ ಜಾಗ ಎಲ್ಲಿ, ಫ್ಲೈವೀಲ್ ಎಂಬ ದೊಡ್ಡ ತಿರುಗುಗಾಲಿ ಯಾವ ಮಗ್ಗುಲಿಗೆ, ಇವನ್ನೆಲ್ಲ ಭೂತಗನ್ನಡಿಯಲ್ಲಿ ನೋಡಿ ಇಂಜಿನ್ನಿನ ಜಾತಿ ಗುರುತಿಸುತ್ತೇನೆ. ಪ್ರತಿ ಫೋಟೋಕ್ಕೂ ಒಂದು ಚೀಟಿ. ಚೀಟಿಯಲ್ಲಿ ಮೂರು ಸಾಲು: ಇಂಜಿನ್ ಯಾವುದು, ಅದರಲ್ಲಿರುವ ಜನ ಯಾರು, ಹೇಳಿದವರು ಯಾರು. ಗೊತ್ತಿದ್ದವರ ಬಾಯಿಂದ ಬರದ ಹೆಸರನ್ನು ನಾನು ಬರೆಯುವುದಿಲ್ಲ. ಫೋಟೋದಲ್ಲಿರುವ ಮನುಷ್ಯನೇ ಬದುಕಿದ್ದು, ಇದು ನಾನೇ ಎಂದು ಹೇಳಿದರೆ ಮೂರನೆಯ ಸಾಲಿನಲ್ಲಿ 'ಸ್ವತಃ' ಎಂದು ಬರೆಯುತ್ತೇನೆ. ಇಷ್ಟು ವರ್ಷಗಳಲ್ಲಿ ಆ ಶಬ್ದವನ್ನು ಎರಡೇ ಚೀಟಿಗಳ ಮೇಲೆ ಬರೆದಿದ್ದೆ. ಇಬ್ಬರೂ ಹಣ್ಣು ಹಣ್ಣು ಮುದುಕರು, ಫೋಟೋದಲ್ಲಿ ಚಿಕ್ಕ ಹುಡುಗರಾಗಿ ಗಾಲಿಯ ಪಕ್ಕ ನಿಂತವರು.

ಸೊಲ್ಲಾಪುರ ರಸ್ತೆಯಲ್ಲಿ ಪರಸಪ್ಪ ಎಂಬವರ ಫ್ರೇಮಿನ ಅಂಗಡಿ ಇದೆ. ಜನ ಮನೆಯ ಹಳೆಯ ಸಾಗವಾನಿ ಚೌಕಟ್ಟು ತಂದು, ಒಳಗಿನದನ್ನು ತೆಗೆದು ಹೊಸ ದೇವರ ಪಟ ಕೂಡಿಸಿಕೊಂಡು ಹೋಗುತ್ತಾರೆ. ತೆಗೆದದ್ದು ಅಲ್ಲಿಯೇ ಉಳಿಯುತ್ತದೆ. ಅದರಲ್ಲಿ ಗಾಲಿಯೋ ಹೊಗೆ ಕೊಳವೆಯೋ ಕಂಡರೆ ಪರಸಪ್ಪ ನನಗೆ ಫೋನ್ ಮಾಡುತ್ತಿದ್ದರು. ಐದಾರು ವರ್ಷದ ಹಿಂದೆ, ದಸರೆ ಮುಗಿದ ಹೊಸತರಲ್ಲಿ, ಹಾಗೊಂದು ಫೋನ್ ಬಂತು. ಬಬಲೇಶ್ವರದ ಒಂದು ಮನೆತನದವರು ಫ್ರೇಮು ತಂದಿದ್ದರು. ಲಕ್ಷ್ಮಿಯ ಪಟ ಬಿಚ್ಚಿದರೆ ಅದರ ಹಿಂದೆ ಇನ್ನೊಂದು ದೇವರ ಪಟ, ಅದರ ಹಿಂದೆ ಈ ಫೋಟೋ.

ನೋಡಿದ ಕೂಡಲೇ ನನ್ನ ಎದೆ ಹಿಗ್ಗಿತು. ಹೊಲದ ಅಂಚಿನಲ್ಲಿ ಇಂಜಿನ್, ಅದಕ್ಕೆ ಚೆಂಡುಹೂವಿನ ಮಾಲೆ, ಮುಂದೆ ನೆಲದ ಮೇಲೆ ಸಲಿಕೆ, ನಟ್ಟು ತಿರುಗಿಸುವ ಪಾನಾ, ಕೊಡಲಿ, ಎಣ್ಣೆ ಡಬ್ಬಿ ಎಲ್ಲ ಗುಡ್ಡೆ ಹಾಕಿ ಕುಂಕುಮ ಹಚ್ಚಿದ್ದರು. ಮಹಾನವಮಿಯ ಖಂಡೇಪೂಜೆಯ ದಿನ ತೆಗೆಸಿದ್ದು. ಆ ದಿನ ಯಾರೂ ಆಯುಧ ಮುಟ್ಟುವುದಿಲ್ಲ, ಹೀಗಾಗಿ ಫೋಟೋದಲ್ಲಿದ್ದ ಆರು ಜನರ ಕೈಗಳೂ ಖಾಲಿ. ನಡುವೆ ಕುರ್ಚಿಯಲ್ಲಿ ಹೊಲದ ಯಜಮಾನ, ಅವನ ಎರಡೂ ಕಡೆ ಕೋಟು ಹಾಕಿದ ಒಬ್ಬೊಬ್ಬ ನೆಂಟ, ಹಿಂದೆ ಗಾಲಿಗೆ ಒರಗಿ ಮೇಸ್ತ್ರಿ. ಎಡ ತುದಿಗೆ ಒಬ್ಬ, ಬಲ ತುದಿಗೆ ಒಬ್ಬ, ಇಬ್ಬರೂ ಬರಿಮೈಯವರು, ತಲೆಗೆ ರುಮಾಲು. ಆ ಇಬ್ಬರು ಉಳಿದವರಿಂದ ಒಂದು ಮಾರು ದೂರ ನಿಂತಿದ್ದರು. ಆ ಅಂತರ ಏಕೆ ಎಂದು ನಮ್ಮ ಕಡೆಯವರಿಗೆ ಬಿಡಿಸಿ ಹೇಳಬೇಕಿಲ್ಲ.

ಇಂಜಿನ್ನಿನ ಹೆಸರಿನ ಫಲಕ ಹೂವಿನಲ್ಲಿ ಮುಚ್ಚಿಹೋಗಿತ್ತು. ಆದರೆ ಫ್ಲೈವೀಲ್ ಇದ್ದ ಮಗ್ಗುಲು ಬೇರೆಯೇ ಆಗಿತ್ತು. ನನ್ನಲ್ಲಿದ್ದ ಯಾವ ಫೋಟೋದಲ್ಲೂ ಅದು ಆ ಕಡೆಗೆ ಇರಲಿಲ್ಲ. ಇದು ಈ ಸೀಮೆಯಲ್ಲಿ ಯಾರೂ ಕಾಣದ ಅಪರೂಪದ ಇಂಜಿನ್ ಎಂದು ತೀರ್ಮಾನಿಸಿಬಿಟ್ಟೆ. ನನ್ನಂಥ ಹುಚ್ಚು ಇರುವ ಬೇರೆ ಊರಿನ ನಾಲ್ಕು ಜನಕ್ಕೆ ಫೋನ್ ಮಾಡಿ ಹೇಳಿಯೂ ಹೇಳಿದೆ. ಆ ಜಂಬವೇ ಮುಂದೆ ನನ್ನ ಕಣ್ಣು ಕಟ್ಟಿತು ಎಂದು ಈಗ ಅನಿಸುತ್ತದೆ.

ಎರಡು ತಿಂಗಳ ಮೇಲೆ ಬಿಡುವಾಗಿ ಬಬಲೇಶ್ವರಕ್ಕೆ ಹೋಗಿ ಆ ಮನೆಯವರನ್ನು ಕಂಡೆ. ಈಗ ಮನೆ ನೋಡಿಕೊಳ್ಳುವವರು ಒಳ್ಳೆಯ ಮನುಷ್ಯರು, ಚಹಾ ಕೊಟ್ಟು ಕೂಡಿಸಿದರು. ಕುರ್ಚಿಯಲ್ಲಿದ್ದವರು ಅವರ ಮುತ್ತಜ್ಜ. ನೆಂಟರ ಹೆಸರು, ಮೇಸ್ತ್ರಿಯ ಹೆಸರು ಎಲ್ಲ ಹೇಳಿದರು. ತುದಿಯ ಇಬ್ಬರು ಆಳುಗಳು, ಹೆಸರು ಗೊತ್ತಿಲ್ಲ ಎಂದರು. ಒಬ್ಬ ಬಾಯ್ಲರಿಗೆ ಉರಿ ಹಾಕುವ ಬೆಂಕಿಯವ, ಇನ್ನೊಬ್ಬ ಇಂಜಿನ್ ಎಳೆಯುವ ಎತ್ತುಗಳನ್ನು ನೋಡಿಕೊಳ್ಳುವವ ಇರಬೇಕು, ಯಾವ ತುದಿಯವನು ಯಾರೋ ತಿಳಿಯದು ಎಂದರು. ಸಲಿಕೆಯೊಂದು ಕೈಯಲ್ಲಿದ್ದರೆ ಸಾಕಿತ್ತು, ಬೆಂಕಿಯವ ಯಾರೆಂದು ತಿಳಿದುಬಿಡುತ್ತಿತ್ತು. ಪೂಜೆಯ ದಿನವಾದ್ದರಿಂದ ಸಲಿಕೆ ನೆಲದ ಮೇಲಿತ್ತು. ಹೊರಡುವಾಗ ಅವರು ಒಂದು ಮಾತು ಹೇಳಿದರು. ಬೆಂಕಿಯವ ಘೋಣಸಗಿಯವನು, ಬಾಯ್ಲರಿನ ನಳಿಗೆ ಒಡೆದು ಕುದಿನೀರು ಮೈಮೇಲೆ ಬಿದ್ದು ಸತ್ತ. ಅವನ ಮಗಳು ಹಿಂದೆ ಒಂದೆರಡು ಸಲ ಬಂದು ಈ ಫೋಟೋ ಕೇಳಿದ್ದಳಂತೆ. ದೇವರ ಪಟದ ಹಿಂದೆ ಇದೆ ಎಂಬುದು ಯಾರಿಗೂ ತಿಳಿಯದೆ, ಇಲ್ಲ ಎಂದು ಹೇಳಿ ಕಳಿಸಿದ್ದರು.

ಮರುವಾರವೇ ಟಿಕೋಟಾದ ಬಸ್ಸು ಹತ್ತಿ, ಅಲ್ಲಿಂದ ಟಂಟಂ ಆಟೊ ಹಿಡಿದು ಘೋಣಸಗಿಗೆ ಹೋದೆ. ಚಳಿಗಾಲದ ಎಳ್ಳಮಾಸಿ ಹಬ್ಬ ಹತ್ತಿರ ಬಂದಿತ್ತು, ದಾರಿಯ ಎರಡೂ ಕಡೆ ಜೋಳ ತೆನೆ ಹೊತ್ತಿತ್ತು, ನಡುನಡುವೆ ದ್ರಾಕ್ಷಿ ತೋಟ. ಮಗಳ ಹೆಸರು ಸಿದ್ದವ್ವ. ಎಂಬತ್ತು ದಾಟಿದ್ದ ಸಣಕಲು ಮೈ, ಒಂದು ಕಣ್ಣಿನ ಪೊರೆ ತೆಗೆಸಿದ್ದರು. ಮಗ ಬೇರೆ ಊರಿಗೆ ಹೋಗಿದ್ದ. ಶಾಲೆಯಲ್ಲಿ ಬಿಸಿಯೂಟ ಮಾಡುವ ಸೊಸೆ ಮನೆಯಲ್ಲಿದ್ದಳು. ಗೋಡೆಯ ಮೇಲೆ ಬುದ್ಧನ ಪಟ, ಅದರ ಪಕ್ಕ ಸಿದ್ದವ್ವನ ತಾಯಿಯ ಫೋಟೋ. ಪಿಂಚಣಿ ಕಾರ್ಡಿಗೆ ತೆಗೆಸಿದ್ದನ್ನು ದೊಡ್ಡದು ಮಾಡಿಸಿದ್ದರು. ಅದರ ಮಗ್ಗುಲಿಗೆ ಒಂದು ಮೊಳೆ ಮಾತ್ರ ಇತ್ತು, ಫೋಟೋ ಇರಲಿಲ್ಲ. ಅಪ್ಪನ ಮೊಳೆ ಎಂದು ಸೊಸೆ ಹೇಳಿದಳು. ಮನೆ ಎರಡು ಸಲ ಸುಣ್ಣ ಕಂಡರೂ ಅತ್ತೆ ಅದನ್ನು ಕೀಳಲು ಬಿಟ್ಟಿರಲಿಲ್ಲ.

ತಂದೆ ಸತ್ತಾಗ ಸಿದ್ದವ್ವ ತಾಯಿಯ ಹೊಟ್ಟೆಯಲ್ಲಿದ್ದಳು. ಅವನ ಮುಖ ಹೇಗಿತ್ತೆಂದು ಅವಳಿಗೆ ಗೊತ್ತಿಲ್ಲ. ಗೊತ್ತಿದ್ದದ್ದು ತಾಯಿ ಹೇಳಿದ ಒಂದೇ ಸಂಗತಿ. ಆ ಪೂಜೆಯ ದಿನ ತಾಯಿ ಬಗಲಲ್ಲಿ ಕೊಡ ಹಿಡಿದು, ಫೋಟೋ ತೆಗೆಯುವವನ ಬೆನ್ನ ಹಿಂದೆ ದೂರದಲ್ಲಿ ನಿಂತು ನೋಡಿದ್ದಳು. ಪ್ರತಿ ಮಹಾನವಮಿಗೂ ಮಗಳನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು ಅದನ್ನೇ ಹೇಳುತ್ತಿದ್ದಳಂತೆ. ಸಿದ್ದವ್ವ ನನಗೆ ಕೈ ಎತ್ತಿ ತೋರಿಸಿದಳು.

"ನನ್ನ ಉಣ್ಣೂ ಕೈ ಕಡೆ, ತುದೀಗೆ ನಿಂತಿದ್ದ ಅಂತ ಹೇಳತಿದ್ಲು ನಮ್ಮವ್ವ. ನಾ ಹೋಗೂದ್ರೊಳಗ ಒಮ್ಮಿ ಅವನ ಮಾರಿ ನೋಡಬೇಕ್ರಿ ಬಾಯಾರ. ಮತ್ತೇನೂ ಬ್ಯಾಡ."

ಉಣ್ಣುವ ಕೈ ಎಂದರೆ ಬಲಗೈ. ಅದರಲ್ಲಿ ಅನುಮಾನಕ್ಕೆ ಜಾಗವೇ ಇರಲಿಲ್ಲ. ಫೋಟೋ ಕೊಟ್ಟು, ನಮ್ಮ ಬಲಗೈ ಕಡೆ ತುದಿಗೆ ನಿಂತವನ ಮೇಲೆ ಬೆರಳಿಟ್ಟು ತೋರಿಸಿದೆ. ಭೂತಗನ್ನಡಿ ಹಿಡಿದು ಅವಳು ಬಹಳ ಹೊತ್ತು ನೋಡಿದಳು. ಅಳಲಿಲ್ಲ. ಮುಖ ದೊಡ್ಡದು ಮಾಡಿಸಿ, ಫ್ರೇಮು ಹಾಕಿಸಿ ತರುತ್ತೇನೆ ಎಂದು ಮಾತು ಕೊಟ್ಟು ಬಂದೆ.

ಮರುದಿನ ಮಧ್ಯಾಹ್ನದ ಸಂಗತಿ ಇದು. ಯಜಮಾನರು ಟಿಕೋಟಾದಲ್ಲಿ ನೆಂಟರ ಮನೆಯ ನಿಶ್ಚಿತಾರ್ಥಕ್ಕೆ ಹೋಗಿದ್ದರು. ಜಲನಗರದ ನಮ್ಮ ಮನೆಯಲ್ಲಿ ನಾನೊಬ್ಬಳೇ. ಬಾಗಿಲಿಗೆ ಒಳಗಿನಿಂದ ಚಿಲಕ ಹಾಕಿದ್ದೆ. ಬರೆಯುವ ಮೇಜು ಪಡುವಣ ಕಿಟಕಿಯ ಹತ್ತಿರ ಇದೆ, ಬೆಳಕು ಎಡಗಡೆಯಿಂದ ಬೀಳಬೇಕೆಂದು. ಟ್ರೇಸರ್ ಆದವರೆಲ್ಲ ಹಾಗೆಯೇ ಕೂರುವುದು, ಇಲ್ಲವಾದರೆ ಕೈಯ ನೆರಳು ಗೆರೆಯ ಮೇಲೆ ಬೀಳುತ್ತದೆ. ಕಿಟಕಿಗೂ ಮೇಜಿಗೂ ನಡುವೆ ಒಬ್ಬರು ನಿಲ್ಲುವಷ್ಟು ಜಾಗ. ಫೋಟೋ ಮುಂದಿಟ್ಟು, ಚೀಟಿ ತೆಗೆದು, ಚಹಾದ ಕಪ್ಪು ಪಕ್ಕಕ್ಕಿಟ್ಟು ಪೆನ್ಸಿಲ್ ಕೈಗೆ ತೆಗೆದುಕೊಂಡೆ. ಮೇಲಿನ ಸಾಲು ಮೊದಲೇ ಬರೆದಿತ್ತು. ಬೆಂಕಿಯವನ ವಿಷಯ ಬರೆಯುವುದಷ್ಟೇ ಬಾಕಿ.

ಆಗ ಎಡಗಡೆಯಿಂದ ನೆರಳು ಬಿತ್ತು. ನನಗೆ ಅದು ವಿಚಿತ್ರ ಅನಿಸಲೇ ಇಲ್ಲ ಎಂಬುದನ್ನು ನೀವು ಗಮನಿಸಬೇಕು. ಆಫೀಸಿನಲ್ಲಿ ಇಡೀ ಆಯುಷ್ಯ ನಮ್ಮ ಹೆಡ್ ಡ್ರಾಫ್ಟ್ಸ್‌ಮನ್ನರು ಹಾಗೆಯೇ ಬಂದು ಎಡಕ್ಕೆ ನಿಂತು ಕೆಲಸ ನೋಡುತ್ತಿದ್ದರು. ಅವರು ಬಂದರೆ ನಾವು ತಲೆ ಎತ್ತುತ್ತಿರಲಿಲ್ಲ. ಆ ರೂಢಿಯಲ್ಲೇ ಇದ್ದೆನೋ ಏನೋ. ಯಜಮಾನರು ಮರಳಿ ಬಂದರು ಎಂದುಕೊಂಡೆ. ಒಳಗಿನಿಂದ ಚಿಲಕ ಹಾಕಿದ್ದು ನೆನಪಾಗಲಿಲ್ಲ. ಎಡ ಕೆನ್ನೆಗೆ, ಎಡ ತೋಳಿಗೆ ಕಾವು ಬಡಿಯುತ್ತಿತ್ತು, ಒಲೆಯ ಮುಂದೆ ಕೂತಾಗ ಬಡಿಯುವಂಥ ಕಾವು. ಚಳಿಗಾಲದ ದಿನ ಅದು ಹಿತವಾಗಿಯೇ ಇತ್ತು. ಕಟ್ಟಿಗೆ ಹೊಗೆ, ಕಾದ ಎಣ್ಣೆ, ಬೆವರಿನ ವಾಸನೆ. ನೆರಳು ಸರಿಯಾಗಿ ಫೋಟೋದ ಮೇಲೆ ಬಿದ್ದಿತ್ತು, ಮುಖಗಳು ಕಾಣುತ್ತಿರಲಿಲ್ಲ. ನಾನು ತಲೆ ಎತ್ತದೆ, ಸ್ವಲ್ಪ ಸಿಡುಕಿನಿಂದಲೇ ಅಂದೆ:

"ಬೆಳಕಿಗೆ ಅಡ್ಡ ಆಗೇತಿ. ಬಾಜೂಕ ಸರೀರಿ."

ನೆರಳು ಸರಿಯಿತು. ಒಂದು ಸಪ್ಪಳವಿಲ್ಲ. ಫೋಟೋದ ಮೇಲೆ ಮತ್ತೆ ಬೆಳಕು ಬಿತ್ತು.

ಅದಾದ ಮೇಲೆ ಎಷ್ಟು ಹೊತ್ತು ಹೋಯಿತೋ ಹೇಳಲಾರೆ. ಚಹಾ ಕುಡಿಯಬೇಕೆಂದು ಕಪ್ಪು ಎತ್ತಿದರೆ ತಣ್ಣಗಾಗಿ ಮೇಲೆ ಕೆನೆ ಕಟ್ಟಿತ್ತು. ಯಜಮಾನರನ್ನು ಕೂಗಿದೆ. ಎದ್ದು ಹೋಗಿ ನೋಡಿದರೆ ಚಿಲಕ ಹಾಕಿದಂತೆಯೇ ಇತ್ತು. ಮರಳಿ ಬಂದು ಮೇಜು ನೋಡಿದೆ. ಚೀಟಿಯ ಮೇಲೆ ಬರೆದಿತ್ತು. ನನ್ನದೇ ಪೆನ್ಸಿಲು, ನನ್ನದೇ ಅಕ್ಷರ, ನಕ್ಷೆಗೆ ಬರೆಯುವಂಥ ನೆಟ್ಟನೆಯ ಅಕ್ಷರ. 'ಎಡ ತುದಿ: ಬೆಂಕಿಯವನು.' ಕೆಳಗಿನ ಸಾಲಿನಲ್ಲಿ, 'ಹೇಳಿದವರು: ಸ್ವತಃ.'

ನನಗೆ ಭಯಕ್ಕಿಂತ ಸಿಟ್ಟು ಬಂತು. ತೂಕಡಿಸಿದ್ದೇನೆ, ಅರೆನಿದ್ದೆಯಲ್ಲಿ ಹುಚ್ಚುಚ್ಚಾಗಿ ಗೀಚಿದ್ದೇನೆ, ಅರವತ್ತು ದಾಟಿದ್ದೇ ತಡ ಅರಳುಮರಳು ಹತ್ತಿತೇ ಎಂದು ನನ್ನನ್ನೇ ಬೈದುಕೊಂಡೆ. ರಬ್ಬರ್ ತೆಗೆದುಕೊಂಡು ಎರಡೂ ಸಾಲು ಅಳಿಸಿದೆ. ಅದರ ಮೇಲೆಯೇ ಬರೆದೆ: ಬಲ ತುದಿ: ಬೆಂಕಿಯವನು. ಹೇಳಿದವರು: ಸಿದ್ದವ್ವ, ಘೋಣಸಗಿ, ತಾಯಿಯ ಮಾತಿನ ಮೇಲಿಂದ. ಸಂಜೆ ಯಜಮಾನರು ಬಂದವರೇ ಮೂಗು ಅರಳಿಸಿದರು. ಬಂಬ್ ಹೊತ್ತಿಸಿದ್ದೇನು, ಮನೆ ತುಂಬ ಹೊಗೆ ವಾಸನೆ ಐತಲ್ಲ ಎಂದರು. ಕಟ್ಟಿಗೆ ಉರಿಸಿ ನೀರು ಕಾಯಿಸುವ ಆ ತಾಮ್ರದ ಬಂಬ್ ಅಟ್ಟ ಸೇರಿ ಎಷ್ಟೋ ವರ್ಷವಾಗಿತ್ತು. ಪಕ್ಕದ ಮನೆಯವರು ಕಸ ಸುಟ್ಟಿರಬೇಕು ಎಂದು ಹೇಳಿ ಮಾತು ತೇಲಿಸಿದೆ.

ಬಲ ತುದಿಯವನ ಮುಖವನ್ನು ಸ್ಟುಡಿಯೋದಲ್ಲಿ ದೊಡ್ಡದು ಮಾಡಿಸಿದೆ. ಪರಸಪ್ಪ ಒಳ್ಳೆಯ ಚೌಕಟ್ಟು ಹಾಕಿಕೊಟ್ಟರು. ಅದನ್ನು ಘೋಣಸಗಿಗೆ ಒಯ್ದ ದಿನ ಸಿದ್ದವ್ವ ಹೊಸ ಸೀರೆ ಉಟ್ಟಿದ್ದಳು. ಖಾಲಿ ಮೊಳೆಗೆ ಫೋಟೋ ತೂಗುಹಾಕಿ, ಮಾಲೆ ಹಾಕಿ, ಮೇಣದಬತ್ತಿ ಹಚ್ಚಿದರು. ಓಣಿಯವರೆಲ್ಲ ಬಂದು ನೋಡಿದರು. ಮೂಗು ಥೇಟ್ ಸಿದ್ದವ್ವನದೇ ಎಂದರು. ನನಗೆ ಹೋಳಿಗೆ ಕಟ್ಟಿಕೊಟ್ಟು ಕಳಿಸಿದರು. ಬಸ್ಸಿನಲ್ಲಿ ಕೂತು, ಇಷ್ಟು ವರ್ಷದ ಹುಚ್ಚು ಸಾರ್ಥಕವಾಯಿತು ಎಂದು ನಾನು ಕಣ್ಣೊರೆಸಿಕೊಂಡಿದ್ದೂ ನಿಜ.

ಇಪ್ಪತ್ತು ಇಪ್ಪತ್ತೆರಡು ದಿನ ಕಳೆದಿರಬೇಕು. ಒಂದು ಬೆಳಗ್ಗೆ ಯಜಮಾನರು ಕನ್ನಡಿಯ ಮುಂದೆ ನಿಂತು ಅಂಗಿಯ ಗುಂಡಿ ಹಾಕಿಕೊಳ್ಳುತ್ತಿದ್ದರು. ನಾನು ಹಿಂದೆ ಹಾಸಿಗೆ ಮಡಚುತ್ತಿದ್ದೆ. ಕನ್ನಡಿಯಲ್ಲಿ ಅವರ ಎದೆಯ ಕಿಸೆ ಬಲ ಎದೆಗೆ ಇದ್ದಂತೆ ಕಂಡಿತು. ಕನ್ನಡಿಯಲ್ಲಿ ಹಾಗೆಯೇ ಕಾಣಬೇಕು, ಅದರಲ್ಲೇನೂ ಇಲ್ಲ. ಆದರೆ ಹೀಗೆ ಬಲ ಎದೆಗೆ ಕಿಸೆ ಇರುವುದನ್ನು ಇತ್ತೀಚೆಗೆ ಬೇರೆಲ್ಲೋ ನೋಡಿದ್ದೇನೆ ಎನಿಸಿತು. ಎಲ್ಲಿ ಎಂದು ನೆನಪಾದಾಗ ಮಡಚುತ್ತಿದ್ದ ಹಾಸಿಗೆ ಅಲ್ಲೇ ಬಿಟ್ಟೆ.

ಓಡಿಹೋಗಿ ಫೋಟೋ ತೆಗೆದೆ. ಕುರ್ಚಿಯಲ್ಲಿ ಕೂತ ಯಜಮಾನನ ಕೋಟಿನ ಕಿಸೆ ಬಲ ಎದೆಗಿತ್ತು. ಅವನ ಎರಡೂ ಕಡೆಯ ನೆಂಟರದೂ ಹಾಗೆಯೇ. ಮೂವರ ಕೋಟಿನ ಗುಂಡಿಗಳೂ ಹೆಂಗಸರ ಅಂಗಿಯಂತೆ ತಿರುವು ಮುರುವು. ಮೂರು ಕೋಟು ಒಟ್ಟಿಗೆ ತಪ್ಪಾಗಲಾರವು. ಆ ಕಾಲದಲ್ಲಿ ಗಾಜಿನ ತಟ್ಟೆಯ ಮೇಲೆ ಫೋಟೋ ತೆಗೆದು, ಅದರಿಂದ ಕಾಗದಕ್ಕೆ ಇಳಿಸುತ್ತಿದ್ದರು. ಆ ಪುಣ್ಯಾತ್ಮ ತಟ್ಟೆಯನ್ನು ಮಗುಚಿಟ್ಟು ಇಳಿಸಿದ್ದ. ಫೋಟೋದ ಎಡವೆಲ್ಲ ಬಲವಾಗಿತ್ತು, ಬಲವೆಲ್ಲ ಎಡವಾಗಿತ್ತು. ನನ್ನ ಅಪರೂಪದ ಇಂಜಿನ್ ಅಪರೂಪದ್ದೇನೂ ಅಲ್ಲ, ಅಂಥವೇ ನಾಲ್ಕು ನನ್ನ ಪೆಟ್ಟಿಗೆಯಲ್ಲಿದ್ದವು. ಮೂವತ್ತು ವರ್ಷ ಹಾಳೆ ಮಗುಚಿ ನೋಡುವುದನ್ನೇ ಕಸುಬು ಮಾಡಿಕೊಂಡವಳು ಇದೊಂದನ್ನು ಮಗುಚಿ ನೋಡಿರಲಿಲ್ಲ. ಸಿದ್ದವ್ವನ ತಾಯಿ ಕಣ್ಣಾರೆ ಕಂಡಿದ್ದು ಸರಿಯೇ, ಅವಳ ಗಂಡ ಬಲ ತುದಿಗೇ ನಿಂತಿದ್ದ. ಹಾಗಾದರೆ ಈ ಫೋಟೋದಲ್ಲಿ ಅವನು ಎಡ ತುದಿಗಿದ್ದ. ಘೋಣಸಗಿಯ ಗೋಡೆಯ ಮೇಲೆ ಮಾಲೆ ಹಾಕಿಸಿಕೊಂಡವನು ಎತ್ತು ಕಾಯುವವನು.

ಚೀಟಿ ಹೊರತೆಗೆದೆ. ರಬ್ಬರಿನಿಂದ ಉಜ್ಜಿದರೂ ಪೆನ್ಸಿಲ್ ಒತ್ತಿದ ಗುಳಿ ಕಾಗದದಲ್ಲಿ ಉಳಿದಿರುತ್ತದೆ. ಅದರ ಮೇಲೆ ಮೆದು ಪೆನ್ಸಿಲನ್ನು ಅಡ್ಡ ಹಿಡಿದು ಹಗುರಾಗಿ ಸವರಿದರೆ ಗುಳಿಯೆಲ್ಲ ಬಿಳಿಯಾಗಿ ಏಳುತ್ತದೆ, ಇದು ನಮ್ಮ ಆಫೀಸಿನ ಹಳೆಯ ಉಪಾಯ. ಸವರಿದೆ. ನಾನು ಆಮೇಲೆ ಬರೆದ ಅಕ್ಷರಗಳ ನಡುವೆ ಮೊದಲಿನವು ಎದ್ದು ಬಂದವು. ಎಡ ತುದಿ. ಸ್ವತಃ.

ಯಜಮಾನರಿಗೆ ಎಲ್ಲವನ್ನೂ ಹೇಳಿದೆ. ಅವರು ನಗಲಿಲ್ಲ. ನಿನ್ನ ಕಣ್ಣು ಕಿಸೆ, ಗುಂಡಿ ಮೊದಲೇ ನೋಡಿರಬೇಕು, ತಲೆ ಒಪ್ಪಿರಲಿಕ್ಕಿಲ್ಲ, ತೂಕಡಿಕೆಯಲ್ಲಿ ಕೈ ಬರೆದುಬಿಟ್ಟಿತು ಎಂದು ತಮ್ಮ ಲೆಕ್ಕದಂತೆ ಬಿಡಿಸಿ ಹೇಳಿದರು. ಅದು ಸರಿಯಿರಬಹುದು. ಹಾಗಾದರೆ ಹೊಗೆ ವಾಸನೆ ಎಂದು ಕೇಳಿದೆ. ಅವರು ಎದ್ದು ಅಟ್ಟದ ಮೇಲಿನ ಬಂಬ್ ನೋಡಿ ಬಂದರು. ಬಂದು, ಆ ಮುದುಕಿ ಸಮಾಧಾನದಿಂದಿದ್ದಾಳೆ, ಹೋಗಿ ಯಾಕೆ ಕೆಡಿಸುತ್ತೀ ಎಂದರು. ನನಗೂ ಹಾಗೆಯೇ ಅನಿಸಿತ್ತು. ನಿಜ ಹೇಳುತ್ತೇನೆ, ಎಂಟು ದಿನ ನಾನು ಹೋಗಲಿಲ್ಲ. ನಾಚಿಕೆಯಾಗುತ್ತಿತ್ತು. ಆದರೆ ರಾತ್ರಿ ಊಟಕ್ಕೆ ಕೂತರೆ, ಸಿದ್ದವ್ವ ಸಾಯುವವರೆಗೆ ಬೇರೆ ಯಾರನ್ನೋ ಅಪ್ಪಾ ಎಂದು ಕರೆಯುತ್ತಾಳೆ ಎಂಬುದು ನೆನಪಾಗಿ ತಾಟು ಸರಿಸಿ ಏಳುತ್ತಿದ್ದೆ.

ಒಂಬತ್ತನೆಯ ದಿನ ಎಡ ತುದಿಯವನ ಮುಖವನ್ನೂ ದೊಡ್ಡದು ಮಾಡಿಸಿ, ಫ್ರೇಮು ಹಾಕಿಸಿ ಒಯ್ದೆ. ಸಿದ್ದವ್ವ ಮೆತ್ತಗಾಗಿದ್ದಳು, ಹಾಸಿಗೆಯಲ್ಲಿ ಗೋಡೆಗೆ ಒರಗಿ ಕೂತಿದ್ದಳು. ದಿನಾ ಸಂಜೆ ಹೊತ್ತು ಅಪ್ಪನ ಕೂಡ ಮಾತಾಡುತ್ತಾಳೆ ಎಂದು ಸೊಸೆ ಬಾಗಿಲಲ್ಲೇ ಹೇಳಿದ್ದು ಕೇಳಿ ಮರಳಿ ಹೋಗಿಬಿಡಲೇ ಎನಿಸಿತು. ಆದರೂ ಕೂತು, ನನ್ನ ತಪ್ಪನ್ನು ಬಿಡಿಸಿ ಹೇಳಿದೆ. ನಾನು ಒಯ್ದಿದ್ದ ಕೈಕನ್ನಡಿಯನ್ನು ಫೋಟೋದ ಎದುರು ಹಿಡಿದು ನೋಡಿದ ಸೊಸೆಗೆ ಮೊದಲು ತಿಳಿಯಿತು, ಅವಳು ಅತ್ತೆಗೆ ತಿಳಿಸಿದಳು. ಸಿದ್ದವ್ವ ಹೊಸ ಫೋಟೋ ತೆಗೆದುಕೊಂಡು ಮುಖದ ಹತ್ತಿರ ಹಿಡಿದಳು. ಮೂಗು ಅವಳದಾಗಿರಲಿಲ್ಲ, ಗದ್ದ ಮಾತ್ರ ಅವಳದೇ ಇತ್ತು. ಬೈಯುತ್ತಾಳೆ ಎಂದು ನಾನು ಕಾಯುತ್ತಿದ್ದೆ. ಅವಳು ಗೋಡೆಯ ಮೇಲಿನವನನ್ನು ನೋಡಿದಳು.

"ಅವನೂ ಇರಲಿ ಬಿಡ್ರಿ. ಅವನ ಮಕ್ಕಳೂ ಎಲ್ಲೋ ಹುಡುಕಾಕತ್ತಿರಬೇಕು. ಅವರು ಬರೂತನಾ ಇಲ್ಲೇ ಇರಲಿ," ಎಂದಳು.

ಸೊಸೆ ಪಕ್ಕದಲ್ಲಿ ಇನ್ನೊಂದು ಮೊಳೆ ಹೊಡೆಯುತ್ತಿದ್ದಾಗ ಸಿದ್ದವ್ವ ನನ್ನ ಕೈ ಹಿಡಿದಳು. ಈ ಸಲ ಇದು ಖರೆ ಎಂದು ಹೇಳಿದವರು ಯಾರು ಎಂದು ಕೇಳಿದಳು. ಕೋಟಿನ ಗುಂಡಿ ಎಂದು ಹೇಳಿ ಮುಗಿಸಬಹುದಿತ್ತು. ನನ್ನಿಂದಾಗಲಿಲ್ಲ. ಚೀಟಿ ತೆಗೆದು ಸೊಸೆಯ ಕೈಗೆ ಕೊಟ್ಟೆ. ಅವಳು ಓದಿದಳು, ನಾನು ಆ ಮಧ್ಯಾಹ್ನದ್ದನ್ನು ಹೇಳಿದೆ. ನೆರಳು, ಕಾವು, ನನ್ನ ಸಿಡುಕು, ನಾನು ಅಂದ ಮಾತು, ಅವನು ಸರಿದದ್ದು, ಒಂದನ್ನೂ ಬಿಡಲಿಲ್ಲ. ಸಿದ್ದವ್ವ ನಂಬಿದಳೋ ಬಿಟ್ಟಳೋ ತಿಳಿಯಲಿಲ್ಲ. ಒಂದೇ ಒಂದು ಮಾತು ಕೇಳಿದಳು.

"ದನಿ ಹೆಂಗಿತ್ರಿ?"

ಮಾತಾಡಲಿಲ್ಲ ಎಂದೆ. ಮುಖವಾದರೂ ನೋಡಿದಿರಾ ಎಂದು ಸೊಸೆ ಕೇಳಿದಳು. ನೋಡಲಿಲ್ಲ ಎಂದೆ. ಊರೂರು ತಿರುಗಿ ಸತ್ತವರ ಮುಖ ಹುಡುಕುವವಳು, ಪಕ್ಕದಲ್ಲಿ ಬಂದು ನಿಂತಾಗ ತಲೆ ಎತ್ತಿರಲಿಲ್ಲ. ಹೇಳುವಾಗ ನನಗೆ ಅಳು ತಡೆಯಲಾಗಲಿಲ್ಲ. ಸಿದ್ದವ್ವ ನನ್ನ ಬೆನ್ನ ಮೇಲೆ ಕೈ ಆಡಿಸಿದಳು.

"ಅಳಬ್ಯಾಡ್ರಿ ಬಾಯಾರ. ನಮ್ಮವ್ವನೂ ಹಂಗ ಹೇಳತಿದ್ಲು. ಮಾತು ಭಾಳ ಕಡಿಮಿ. ಯಾರರೆ ಬಾಜೂಕ ಸರಿ ಅಂದ್ರ, ಸುಮ್ನ ಸರೀತಿದ್ದ."

ಮುಂದಿನ ಮಳೆಗಾಲ ಕಾಣಲಿಲ್ಲ ಸಿದ್ದವ್ವ. ಈಗ ಆ ಗೋಡೆಯ ಮೇಲೆ ಬುದ್ಧನ ಪಟದ ಪಕ್ಕ ನಾಲ್ಕು ಮೊಳೆಗಳಿವೆ, ಕೊನೆಯದು ಅವಳದು, ನಾಲ್ಕೂ ತುಂಬಿವೆ. ಎತ್ತು ಕಾಯುವವನ ಮನೆಯವರು ಇನ್ನೂ ಸಿಕ್ಕಿಲ್ಲ, ಹುಡುಕುತ್ತಿದ್ದೇನೆ. ಚೀಟಿ ನನ್ನ ಪೆಟ್ಟಿಗೆಯಲ್ಲಿದೆ. ಅದರ ಮೂರನೆಯ ಸಾಲನ್ನು ನಾನು ಮತ್ತೆ ಬರೆದೂ ಇಲ್ಲ, ಅಳಿಸಿಯೂ ಇಲ್ಲ. ಆ ದಿನ ನಡೆದದ್ದೇನು ಎಂದು ಇವತ್ತಿಗೂ ನನಗೆ ಗೊತ್ತಿಲ್ಲ. ಇಷ್ಟು ಮಾತ್ರ ಆಗಿದೆ. ಮೇಜಿನ ಮೇಲೆ ನೆರಳು ಬಿದ್ದರೆ ಮೊದಲು ತಿರುಗಿ ನೋಡುತ್ತೇನೆ. ಹೆಚ್ಚಾಗಿ ಯಜಮಾನರೇ ಇರುತ್ತಾರೆ, ಚಹಾ ಆಯಿತೇ ಎಂದು ಕೇಳಲು ಬಂದವರು. ಬೆಳಕಿಗೆ ಅಡ್ಡವಾದರೂ ಸರಿಯಿರಿ ಎಂಬ ಮಾತು ನನ್ನ ಬಾಯಿಂದ ಈಗ ಹೊರಡುವುದಿಲ್ಲ.